ಕುರಿಯಿಲ್ಲದ ಊರಿನಲ್ಲಿ ಕುರಿನಾಯಿ

ಮೆಡ್ರಾಸಿನ ನಮ್ಮ ಕನ್ನಡ ಸಂಘದ ವರ್ಷದ ಸಂಚಿಕೆಗೆ ನಿವೃತ್ತರೆಲ್ಲ ತಮ್ಮ ತಮ್ಮ ಕೆಲಸದ ಬಗ್ಗೆ ಬರೆಯಬೇಕು ಅಂತ ಸೆಕ್ರೆಟರಿ ಹೇಳಿದರು. ನನ್ನ ಕಡೆ ನೋಡಿ ಹೇಳಲಿಲ್ಲ. ಬ್ಯಾಂಕಿನವರ ಕಡೆ, ವಿಮೆಯವರ ಕಡೆ, ರೈಲ್ವೆಯವರ ಕಡೆ ನೋಡಿ ಹೇಳಿದರು. ನಾನಾಗಿ ಕೈ ಎತ್ತಿದೆ.

"ನೀವೇನು ಬರೀತೀರ ಕರಿಯಮ್ಮನೋರೆ?" ಅಂದರು.

"ನಾಯಿ ಹೇಲು ಬಾಚಿದ್ದು ಬರೀತೀನಿ" ಅಂದೆ.

ನಕ್ಕರು. ನನಗೆ ನಗು ಬರಲಿಲ್ಲ. ನಕ್ಕವರಲ್ಲಿ ಇಬ್ಬರ ಮನೆಯ ಬಾಲ್ಕನಿಯಲ್ಲಿ ಆ ಹೊತ್ತಿಗೆ ಒಂದೊಂದು ಬಾರ್ಡರ್ ಕೋಲಿ ನಾಯಿ ಬಿಸಿಲಿಗೆ ನಾಲಗೆ ಚಾಚಿಕೊಂಡು ಕೂತಿದ್ದದ್ದು ನನಗೆ ಗೊತ್ತಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಶಿರಾ ಕಡೆಯ ಹಳ್ಳಿಯಲ್ಲಿ. ಅಪ್ಪನದು ಕುರಿ ಮಂದೆ. ಮದುವೆಯಾಗಿ ಮೆಡ್ರಾಸಿನ ತಿರುವೊಟ್ಟಿಯೂರಿಗೆ ಬಂದೆ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅವನು ಹೋದ ಮೇಲೆ ರೆಡ್‌ಹಿಲ್ಸ್ ಕಡೆ ಒಂದು ನಾಯಿ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿದೆ. ಜಾತಿ ನಾಯಿಗಳನ್ನು ಕೂಡಿಸಿ, ಮರಿ ಹಾಕಿಸಿ, ಮಾರುವ ಜಾಗ ಅದು. ಬಾಚುವುದು, ತೊಳೆಯುವುದು, ಬೇಯಿಸಿ ಹಾಕುವುದು, ರಕ್ತ ಹೀರುವ ಉಣ್ಣೆಹುಳ ಹುಡುಕಿ ಕೀಳುವುದು, ಬೆದೆಗೆ ಬಂದದ್ದನ್ನು ನೋಡಿ ಹೇಳುವುದು, ಮರಿ ಹಾಕುವಾಗ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಪ್ರಮೋಷನ್ ಇಲ್ಲ. ಸೇರಿದಾಗ ಹಿಡಿದ ಪೊರಕೆಯನ್ನು ಬಿಡುವಾಗಲೂ ಹಿಡಿದಿದ್ದೆ.

ಈಗ ನನ್ನ ಮಗಳ ಮಗಳು ಚಿತ್ರಾ ಅದೇ ರಸ್ತೆಯಲ್ಲಿ ಇನ್ನೊಂದು ಫಾರ್ಮಿಗೆ ಸೇರಿದ್ದಾಳೆ. ಅಲ್ಲಿ ಸ್ಕೈ ಅಂತ ಒಂದು ಹೆಣ್ಣು ಕೋಲಿ ಇದೆ. ಬೂದಿಯ ಮೇಲೆ ಮಸಿ ಚೆಲ್ಲಿದಂಥ ಬಣ್ಣ. ಮಾರುವವರು ಅದಕ್ಕೆ ಬ್ಲೂ ಮರ್ಲ್ ಅನ್ನುತ್ತಾರೆ. ಜನ ಅದಕ್ಕೆ ಬೀಳುವುದು ನೋಡಿದರೆ ಮರುಳು ಅಂತಲೇ ಕರೆಯಬಹುದಿತ್ತು. ಆ ಸ್ಕೈಗೆ ಅದೇ ಬಣ್ಣದ ಗಂಡು ಕೂಡಿಸಬೇಕು ಅಂತ ಅಲ್ಲಿಯ ಮೇಡಂ ತೀರ್ಮಾನಿಸಿದ್ದರು. ಬೂದಿಗೆ ಬೂದಿ ಕೂಡಿಸಿದರೆ ಕೆಲವು ಮರಿ ಬೆಳ್ಳಗೆ, ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ. ಅಂಥದೊಂದು ಇದನ್ನು ಬರೆಯುವಾಗ ನನ್ನ ಪಾದದ ಮೇಲೆ ತಲೆ ಹಾಕಿ ಮಲಗಿದೆ. ಆ ಕೂಡಿಕೆ ಆಗಕೂಡದು ಅಂತ ಈ ಮಳೆಗಾಲವೆಲ್ಲ ಚಿತ್ರಾ ಜೊತೆ ಜಗಳ ಆಡಿದೆ. ಅದೇನಾಯಿತು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಈ ಕೆಲಸ ಎಂಥದ್ದು ಅಂತ ಈಗ ಸೇರುವ ಹುಡುಗಿಯರಿಗೆ ಗೊತ್ತಾಗಲಿ. ಚಿತ್ರಾಗೆ ಕನ್ನಡ ಓದಲು ಬರುವುದಿಲ್ಲ. ಅವಳನ್ನು ಕೂರಿಸಿ ನಾನೇ ಓದಿ ಹೇಳುತ್ತೇನೆ.

ನಾನು ಸೇರಿದಾಗ ಎಲ್ಲರಿಗೂ ಅಲ್ಸೇಷನ್ ಬೇಕಿತ್ತು. ಅದೂ ಮೂಲದಲ್ಲಿ ಕುರಿ ಹಿಂದೆ ಓಡಾಡಿದ ನಾಯಿ. ಪೊಲೀಸರ ಕೈಗೆ ಹೋಗಿದ್ದು ಆಮೇಲೆ. ಆಮೇಲೆ ಷೋಗಳಲ್ಲಿ ನಿಲ್ಲಿಸುವವರು ಬಂದರು. ಸೊಂಟ ಇಳಿಜಾರಾಗಿದ್ದರೆ ಚೆಂದ ಅಂತ ಯಾರೋ ಹೇಳಿದರು. ಚೆಂದ ಅಂತ ಅಂಥವನ್ನೇ ಕೂಡಿಸಿ ಕೂಡಿಸಿ, ನಡು ವಯಸ್ಸಿಗೇ ಹಿಂದಿನ ಕಾಲು ಎಳೆದುಕೊಂಡು ಹೋಗುವ ಹಾಗೆ ಮಾಡಿಟ್ಟರು. ಎತ್ತಿ ನಿಲ್ಲಿಸಿ ಉಚ್ಚೆ ಹೊಯ್ಯಿಸಿದವಳು ನಾನು. ಚೆಂದ ಅಂದವರು ಆ ಹೊತ್ತಿಗೆ ಅಲ್ಲಿರಲಿಲ್ಲ.

ಆಮೇಲೆ ಷೋಕಿ ಬದಲಾಯಿತು, ಕೋಲಿ ಬಂತು. ಫಾರ್ಮಿನ ಯಜಮಾನನನ್ನು ನಾವೆಲ್ಲ ಮುದಲಾಳಿ ಅಂತ ಕರೆಯುತ್ತಿದ್ದೆವು. ಮೊದಲ ಜೋಡಿ ಇಳಿಸಿದ ದಿನ ನನ್ನನ್ನು ಕರೆದು, "ಇದು ಆಡು ಮೇಯ್ಕಿರ ನಾಯಿ. ನೀ ತಾನೆ ಕುರುಂಬ ಪೊಣ್ಣು? ನೀಯೇ ಪಾತ್ತುಕ್ಕೋ" ಅಂದ. ಕುರಿ ಕಾಯೋ ನಾಯಿ, ನೀನು ಕುರುಬರವಳು, ನೀನೇ ನೋಡಿಕೋ ಅಂತ.

ನಾನು ಸರಿ ಅಂದೆ. ಕುರಿ ಕಾಯೋ ನಾಯಿ ನನಗೆ ಗೊತ್ತಿಲ್ಲವೇ? ನಮ್ಮ ಮಂದೆಯ ನಾಯಿ ಹಗಲೆಲ್ಲ ಬೇವಿನ ನೆರಳಲ್ಲಿ ಬಿದ್ದಿರುತ್ತಿತ್ತು. ಅದರ ಕತ್ತಿಗೆ ಅಪ್ಪ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿದ್ದ. ತೋಳ ಬಂದರೆ ಎದ್ದು ನಿಲ್ಲುವುದು ಅದರ ಕೆಲಸ. ಕುರಿ ಎತ್ತ ಹೋಗಬೇಕು ಅನ್ನುವುದು ಅಪ್ಪನ ಬಾಯಿಗೆ, ಅಪ್ಪನ ದೊಣ್ಣೆಗೆ ಬಿಟ್ಟಿದ್ದು, ನಾಯಿ ಅದಕ್ಕೆ ತಲೆ ಹಾಕುತ್ತಿರಲಿಲ್ಲ. ತೋಳ ಬರದ ಹಾಗೆ ನೋಡುವುದಕ್ಕೂ ನಾವು ಕಾಯೋದು ಅನ್ನುತ್ತೇವೆ, ಕುರಿಯನ್ನು ಅಟ್ಟಿಕೊಂಡು ಹೋಗಿ ಮೇಯಿಸುವುದಕ್ಕೂ ಕಾಯೋದು ಅನ್ನುತ್ತೇವೆ. ಆ ಒಂದು ಮಾತಿನಲ್ಲಿ ನಾನು ಕೆಟ್ಟೆ.

ಹೆಣ್ಣಿನ ಹೆಸರು ಬೆಸ್. ನೆರಳಲ್ಲಿ ಕಟ್ಟಿದೆ, ರಾಗಿ ಮುದ್ದೆ ಹಾಕಿದೆ, ಸುಮ್ಮನೆ ಬಿದ್ದಿರಲಿ ಅಂತ ಬಿಟ್ಟೆ. ಅದು ಬೀಳಲಿಲ್ಲ. ಕಟ್ಟಿದ ಗೂಟದ ಸುತ್ತ ತಿರುಗಿ ತಿರುಗಿ ನೆಲದಲ್ಲಿ ಒಂದು ಗುಂಡನೆಯ ಹಳ್ಳ ಮಾಡಿತು. ನೊಣದ ನೆರಳು ಹಿಡಿಯಲು ಗೋಡೆ ನೆಕ್ಕಿತು. ಬಾಲ ಕಚ್ಚಿ ರಕ್ತ ಮಾಡಿಕೊಂಡಿತು. ದೆವ್ವ ಹಿಡಿದಿದೆ ಅಂತ ನಾನು ಅಂದುಕೊಂಡೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಸೆಲ್ವಿ. ಕಾಸಿಮೇಡಿನಲ್ಲಿ ಮೀನಿನ ಹರಾಜು ಕೂಗಿ ಗಂಟಲು ಕೆಟ್ಟ ಮೇಲೆ ಇಲ್ಲಿಗೆ ಬಂದವಳು. ಅವಳು ನೋಡಿ ತನ್ನ ತಮಿಳಿನಲ್ಲಿ ಹೇಳಿದಳು: "ಅಕ್ಕಾ, ಇದು ಚುಮ್ಮಾ ಇರೋ ಜಾತಿ ಅಲ್ಲ. ನಮ್ಮತ್ತೆ ಥರ. ಕೈಗೆ ಕೆಲಸ ಕೊಡದೆ ಕೂರಿಸಿದ್ರೆ ಮನೇಲಿರೋರನ್ನ ತಿಂದುಹಾಕುತ್ತೆ. ಬಿಚ್ಚಿ ಬಿಡು."

ಬಿಚ್ಚಿದೆ. ಬೆಸ್ ಹೊಟ್ಟೆ ನೆಲಕ್ಕೆ ತಾಗಿಸಿ, ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ ಸೆಲ್ವಿ ಸಾಕಿದ್ದ ಕೋಳಿಗಳ ಕಡೆ ಹೋಯಿತು. ಒಂದು ಪುಕ್ಕ ಮುಟ್ಟಲಿಲ್ಲ. ಬರೀ ಕಣ್ಣಲ್ಲಿ ಅಷ್ಟೂ ಕೋಳಿಗಳನ್ನು ಒಂದು ಮೂಲೆಗೆ ತಂದು ನಿಲ್ಲಿಸಿತು. ಒಂದು ಆಚೆ ಕಾಲಿಟ್ಟರೆ ಅರ್ಧ ಸುತ್ತು ಓಡಿ ಹೋಗಿ ವಾಪಸ್ಸು ತಂದಿತು. ನಾವಿಬ್ಬರೂ ಪೊರಕೆ ಬಿಟ್ಟು ನೋಡಿದೆವು. ಆಮೇಲೆ ಅದು ನಿಲ್ಲಿಸಲಿಲ್ಲ. ಕೋಳಿಗಳು ಬಾಯಿ ತೆರೆದು ತೇಕುತ್ತಿದ್ದವು, ನಾಯಿಯ ನಾಲಗೆ ನೀಲಿಗಟ್ಟುತ್ತಿತ್ತು, ಆದರೂ ಬಿಡಲಿಲ್ಲ. ಈ ಜಾತಿಗೆ ಶುರು ಮಾಡುವುದು ಹುಟ್ಟಿನಿಂದಲೇ ಗೊತ್ತು. ನಿಲ್ಲಿಸುವುದನ್ನು ಮಾತ್ರ ಮನುಷ್ಯ ಹೇಳಿಕೊಡಬೇಕು.

ಎಷ್ಟೋ ವರ್ಷದ ಮೇಲೆ ಚಿತ್ರಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಗುಡ್ಡಗಳಂತೆ, ಈ ನಾಯಿಯ ತವರು. ಕುರುಬ ಕೆಳಗೆ ನಿಂತು ಸಿಳ್ಳೆ ಹಾಕುತ್ತಾನೆ, ನಾಯಿ ಇರುವೆಯ ಹಾಗೆ ಕಾಣುವಷ್ಟು ದೂರ ಹೋಗಿ ಮಂದೆಯನ್ನೇ ಮಡಚಿಕೊಂಡು ಬರುತ್ತದೆ. ಚಳಿ, ಮಂಜು, ಹುಲ್ಲು. ನೋಡಿ ನನಗೆ ಸಂತೋಷವಾಗಲಿಲ್ಲ, ಮೈ ಉರಿಯಿತು. ಅಷ್ಟು ದೊಡ್ಡ ಗುಡ್ಡಕ್ಕೆ ಅಂತ ಮಾಡಿದ ಪ್ರಾಣಿಯನ್ನು ತಂದು ನಾವು ವಾಷಿಂಗ್ ಮೆಷಿನ್ ಪಕ್ಕ ಕಟ್ಟಿದ್ದೇವೆ.

ನಿಲ್ಲಿಸುವುದಕ್ಕೆ ಒಂದು ಮಾತು ಬೇಕಾಯಿತು. ಸೆಲ್ವಿ "ಪೋದುಂ" ಅನ್ನುತ್ತಿದ್ದಳು, ಮುದಲಾಳಿ "ಸ್ಟಾಪ್" ಅನ್ನುತ್ತಿದ್ದ, ನಾನು "ಸಾಕು" ಅನ್ನುತ್ತಿದ್ದೆ. ಮೂರು ಬಾಯಿಗೆ ನಾಯಿ ಹುಚ್ಚಾಗುತ್ತದೆ ಅಂತ ಜಗಳ ಮಾಡಿ ಒಂದೇ ಮಾತು ಇಡಿಸಿದೆ. ಬೆಸ್ ಎದೆಯ ಮೇಲೆ ಅಂಗೈ ಇಟ್ಟು, "ಸಾಕು" ಅಂದು, ಅದರ ಉಸಿರು ಇಳಿಯುವ ತನಕ ಕೈ ತೆಗೆಯುತ್ತಿರಲಿಲ್ಲ. ದಿನಾ ಅದೇ. ಕೊನೆಗೆ ಎಷ್ಟು ದೂರದಿಂದ ಸಾಕು ಅಂದರೂ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅಲ್ಲಿ ಹುಟ್ಟಿದ ಮರಿಗಳೆಲ್ಲ ತಮಿಳುನಾಡಿನಲ್ಲಿ ಹುಟ್ಟಿ ಕನ್ನಡಕ್ಕೆ ನಿಲ್ಲುತ್ತಿದ್ದವು. ನಮ್ಮ ಭಾಷೆಯಲ್ಲಿ ಸಾಕು ಅಂದರೆ ಬೆಳೆಸು ಅಂತಲೂ ಹೌದು, ಇಷ್ಟಕ್ಕೆ ನಿಲ್ಲಿಸು ಅಂತಲೂ ಹೌದು. ಮುದಲಾಳಿಗೆ ಎರಡೂ ಅರ್ಥ ಗೊತ್ತಿರಲಿಲ್ಲ.

ಅವನು ಕೋಲಿಯನ್ನು ಕಾವಲು ನಾಯಿ ಅಂತ ಮಾರಿದ. ಒಂದನ್ನು ಸೌಕಾರ್‌ಪೇಟೆಯ ಬೆಳ್ಳಿ ಅಂಗಡಿಯ ಸೇಟು ತೆಗೆದುಕೊಂಡು ಹೋದ. ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಕೈಗಾಡಿಯೂ ತಿರುಗದ ಗಲ್ಲಿ. ನಾಯಿ ಕೊಡುವಾಗ ನಾನು ಸೇಟುಗೆ ಹೇಳಿದೆ, "ಅತಿ ಮಾಡಿದ್ರೆ ಸಾಕು ಅನ್ನಿ, ನಿಲ್ಲುತ್ತೆ." ತಲೆಯಾಡಿಸಿದ.

ಸ್ವಲ್ಪ ದಿನಕ್ಕೆ ಅವನ ಫೋನು. ತಮಿಳು ಹಿಂದಿ ಕಲಸಿ ಹೇಳಿದ: "ಅಮ್ಮಾ, ನಿಮ್ಮ ನಾಯಿ ಗಿರಾಕೀನ ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಎಲ್ಲರನ್ನೂ ತಂದು ಕೌಂಟರ್ ಹತ್ರ ನಿಲ್ಲಿಸ್ತಿದೆ." ಮೊದಲು ಅವನಿಗೆ ಖುಷಿಯೇ. ವ್ಯಾಪಾರ ಮುಗಿಯದೆ ಯಾರೂ ಹೋಗುವ ಹಾಗಿಲ್ಲ. ಆಮೇಲೆ ಒಂದು ದಿನ ಮದುವೆ ಸಾಮಾನು ಕೊಳ್ಳಲು ಬಂದ ಹೆಂಗಸೊಬ್ಬಳು ಬಾಗಿಲ ಕಡೆ ನಡೆದಳು. ನಾಯಿ ಅಡ್ಡ ಹೋಯಿತು. ಸೇಟುಗೆ ಮಾತು ನೆನಪಾಯಿತು. ಆದರೆ ಅವನ ಬಾಯಲ್ಲಿ ಅದು ಚಾಕು ಆಗಿತ್ತು. "ಚಾಕು, ಚಾಕು" ಅಂತ ಕೂಗಿಕೊಂಡು ಕೌಂಟರ್ ದಾಟಿ ಬಂದ. ಬೆಳ್ಳಿ ಅಂಗಡಿಯಲ್ಲಿ ಮಾಲೀಕ ಚಾಕು ಅಂತ ಕೂಗಿದರೆ ಜನ ಏನು ಮಾಡುತ್ತಾರೆ? ಎದ್ದೆವೋ ಬಿದ್ದೆವೋ ಅಂತ ಬಾಗಿಲಿಗೆ ನುಗ್ಗಿದರು. ಮಂದೆ ಚೆದುರಿತು ಅಂತ ನಾಯಿ ಹಿಂದೆ ಹೋಗಿ ಆ ಹೆಂಗಸಿನ ಹಿಮ್ಮಡಿ ಕಚ್ಚಿತು. ಕುರಿಗಾದರೆ ಅದು ಕಚ್ಚುವುದಲ್ಲ, ನಡಿ ಅಂತ ಹೇಳುವುದು. ಹೆಂಗಸಿನ ಹಿಮ್ಮಡಿಗೆ ಉಣ್ಣೆ ಇಲ್ಲವಲ್ಲ.

ನಾಯಿ ವಾಪಸ್ಸು ಬಂತು. ಕಚ್ಚುವ ನಾಯಿ ಅಂತ ಹೆಸರು ಹೊತ್ತುಕೊಂಡು ಬಂತು. ಸೆಲ್ವಿ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ಮುದಲಾಳಿಯೂ ನಕ್ಕ. ಅವನು ಅದೇ ವಾರ ಅದನ್ನೇ ಇನ್ನೊಬ್ಬರಿಗೆ, ಇನ್ನೊಂದು ಮಾಳಿಗೆ ಮನೆಗೆ ಕಾವಲು ನಾಯಿ ಅಂತ ಮಾರಿದಾಗ ನನ್ನ ನಗು ಇಳಿಯಿತು.

ಅಣ್ಣಾನಗರದಲ್ಲಿ ನಮ್ಮ ಕಡೆಯ ಒಂದು ಮನೆ. ಮೈಸೂರಿನವರು, ಗಂಡ ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಇಲ್ಲಿಯವರು ಕತ್ತಿರಿ ಅನ್ನುವ ಮೇ ತಿಂಗಳ ಬಿಸಿಲಿನಲ್ಲಿ ನಾಯಿ ತೋರಿಸಲು ಕರೆತಂದರು. ಕಾರಿನಿಂದ ಇಳಿದದ್ದು ನಾಯಿಯೋ ಸುಲಿದ ಮೇಕೆಯೋ ಗೊತ್ತಾಗಲಿಲ್ಲ. ಮೈಯೆಲ್ಲ ಬೋಳಿಸಿದ್ದಾರೆ. ಬೆನ್ನಿನ ಚರ್ಮ ಕೆಂಪಗೆ ಸುಟ್ಟು ಸಿಪ್ಪೆ ಏಳುತ್ತಿದೆ.

"ಏನ್ರೀ ಇದು?" ಅಂದೆ.

"ಮೆಡ್ರಾಸ್ ಸೆಕೆ ಅಲ್ವಾಮ್ಮಾ? ಪಾಪ, ಅಷ್ಟೊಂದು ಕೂದಲು. ಕುರಿಗೂ ಉಣ್ಣೆ ಕತ್ತರಿಸ್ತಾರಲ್ಲ, ಹಾಗೇ ಅಂದ್ಕೊಂಡ್ವಿ."

"ಕುರಿಗೆ ಕತ್ತರಿಸ್ತಾರೆ ಸರಿ. ಇದು ಕುರಿಯಾ? ಕುರಿ ಕಾಯೋ ನಾಯಿ."

"ಬೆಳೆಯುತ್ತೆ ಬಿಡಿ."

"ನಿಮ್ಮ ತಲೆ ಮೇಲಿಂದು ಬೆಳೀತಾ?"

ಅವರ ಹೆಂಡತಿ ಮುಖ ಆ ಕಡೆ ತಿರುಗಿಸಿ ನಕ್ಕರು. ಆತ ನಗಲಿಲ್ಲ. ಮುದಲಾಳಿಯ ಹತ್ತಿರ ನನ್ನ ಮೇಲೆ ದೂರು ಹೇಳಿ ಹೋದರು. ಇದನ್ನು ಓದುತ್ತಿದ್ದರೆ ಈಗಲೂ ಹೇಳುತ್ತೇನೆ, ಅದಕ್ಕೆ ಎರಡು ಪದರ ಕೂದಲು. ಮೇಲಿನದು ಬಿಸಿಲು ತಡೆಯುತ್ತದೆ, ಒಳಗಿನ ಸಣ್ಣದನ್ನು ಬಾಚಿ ತೆಗೆಯಬೇಕು. ದಿನಾ ಬಾಚಬೇಕು. ನಿಮಗೆ ಬಾಚಲು ಸೋಮಾರಿತನ, ಅದಕ್ಕೆ ಮಿಷನ್ ಹಾಕಿದಿರಿ, ಸೆಕೆಯ ಮೇಲೆ ಹೇಳಿದಿರಿ.

ಕೆಲಸಕ್ಕೆ ಸೇರುವವರು ಇದನ್ನೂ ಕೇಳಿಸಿಕೊಳ್ಳಿ. ಈ ಊರಿನಲ್ಲಿ ಕೋಲಿಯನ್ನು ಸೂರ್ಯ ಮೇಲೆ ಬರುವ ಮೊದಲೇ ಓಡಿಸಿ ಮುಗಿಸಬೇಕು. ರಸ್ತೆಗೆ ಕೈಯ ಹಿಂಭಾಗ ಇಟ್ಟು ನೋಡಿ, ನಿಮಗೆ ಇಡಲು ಆಗದಿದ್ದರೆ ಅದಕ್ಕೂ ನಡೆಯಲು ಆಗುವುದಿಲ್ಲ. ಸಮುದ್ರಕ್ಕೆ ಬಿಟ್ಟರೆ ಮನೆಗೆ ಬಂದು ಉಪ್ಪು ತೊಳೆಯಬೇಕು, ಇಲ್ಲದಿದ್ದರೆ ತೊಡೆಯ ಸಂದಿ ಹುಣ್ಣಾಗುತ್ತದೆ. ಬೆರಳ ಸಂದಿ, ಕಿವಿಯ ಮಡಿಕೆ ಬಿಡಿಸಿ ಉಣ್ಣೆ ನೋಡಬೇಕು. ಬರೀ ಓಡಿಸಿದರೆ ಸಾಲದು, ತಲೆಗೂ ಕೆಲಸ ಬೇಕು. ಸಾಮಾನು ಬಚ್ಚಿಟ್ಟು ಹುಡುಕಿಸಿ. ಇನ್ನೊಂದು, ಕಜ್ಜಿಗೆ ಹಾಕುವ ಸೂಜಿಯಲ್ಲಿ ಒಂದು ಈ ಜಾತಿಯ ಕೆಲವು ನಾಯಿಗಳ ತಲೆಗೇರುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಕಾಂಪೌಂಡರ್ "ಎಲ್ಲಾ ನಾಯಿಗೂ ಇದೇ ಹಾಕೋದು, ನೀನು ಹಿಡ್ಕೋ ಸುಮ್ನೆ" ಅಂತ ಹಾಕಿದ. ಆ ನಾಯಿ ಕುಡಿದವರ ಹಾಗೆ ತೂರಾಡಿ, ಬಿದ್ದು, ಏಳಲೇ ಇಲ್ಲ. ಬೆಸ್‌ನ ಮೊದಲ ಮಗ ಅದು. ಡಾಕ್ಟರ ಹತ್ತಿರ ಹೋದರೆ ಇದು ಕೋಲಿ, ಇದಕ್ಕೆ ಆಗುವ ಔಷಧಿಯೇ ಹಾಕಿ ಅಂತ ಬಾಯಿಬಿಟ್ಟು ಹೇಳಿ. ಬೈದರೆ ಬೈಯಲಿ.

ಮೊದಲೆಲ್ಲ ಜನ ಫಾರ್ಮಿಗೆ ಬಂದು ತಾಯಿ ನಾಯಿ ನೋಡಿ, ಮರಿ ಎತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಫೋನಿನಲ್ಲೇ ವಿಡಿಯೋ ನೋಡಿ ಕೊಳ್ಳುವುದು ಬಂತು. ವಿಡಿಯೋದಲ್ಲಿ ಏನು ಕಾಣುತ್ತದೆ? ಬಣ್ಣ. ಹಾಗೆ ಬೂದಿ ಬಣ್ಣಕ್ಕೆ ಬೇಡಿಕೆ ಬಂತು. ಮುದಲಾಳಿ ಆ ಬಣ್ಣದ ಗಂಡು ಒಂದು, ಹೆಣ್ಣು ಒಂದು ತಂದು ಕೂಡಿಸಿದ. ಎಲ್ಲವೂ ಬೂದಿಯೇ ಹುಟ್ಟುತ್ತವೆ ಅಂತ ಅವನ ಲೆಕ್ಕ.

ಮರಿಗಳಲ್ಲಿ ಮೂರು ಹಾಲಿನ ಹಾಗೆ ಬೆಳ್ಳಗಿದ್ದವು. ಮುದಲಾಳಿ ಇನ್ನೂ ಹಿಗ್ಗಿದ. ಮರಿಗಳ ಕಿವಿ ತೆರೆದ ಮೇಲೆ ಒಂದು ಬೆಳಗ್ಗೆ ಸೆಲ್ವಿಯ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಸಿಮೆಂಟಿನ ಮೇಲೆ ಬಿತ್ತು. ಉಳಿದ ಮರಿಗಳು ಬೆಚ್ಚಿ ತಾಯಿಯ ಹೊಟ್ಟೆಗೆ ನುಗ್ಗಿದವು. ಮೂರು ಬಿಳಿ ಮರಿ ಹಾಗೇ ನಿದ್ದೆ ಮಾಡುತ್ತಿದ್ದವು. ಸೆಲ್ವಿ ತಟ್ಟೆ ಎತ್ತಿ ಅವುಗಳ ತಲೆಯ ಹಿಂದೆಯೇ ಮತ್ತೆ ಬಡಿದಳು. ಒಂದರ ಕಿವಿಯೂ ಅಲುಗಲಿಲ್ಲ. ಅವಳು ನನ್ನ ಮುಖ ನೋಡಿದಳು.

ಡಾಕ್ಟರಮ್ಮ ಬಂದು ನೋಡಿದರು. ಬೂದಿಗೆ ಬೂದಿ ಕೂಡಿಸಿದರೆ ಹೀಗೇ ಆಗುತ್ತೆ, ಒಂದು ಕಡೆ ಮಾತ್ರ ಆ ಬಣ್ಣ ಇರಲಿ, ಇನ್ನೊಂದು ಕಡೆ ಕಪ್ಪೋ ಕಂದೋ ಇರಲಿ, ಇನ್ನು ಮೇಲೆ ಈ ಜೋಡಿ ಬೇಡ ಅಂತ ಮುದಲಾಳಿಗೆ ನನ್ನ ಎದುರಿಗೇ ಹೇಳಿದರು. ಅವನು ಹೂಂಗುಟ್ಟಿದ. ಅವರ ಕಾರು ಗೇಟು ದಾಟಿದ ಮೇಲೆ ಎರಡು ಬಿಳಿ ಮರಿಗಳ ವಿಡಿಯೋ ತೆಗೆಸಿ ಅಪರೂಪದ ಬಣ್ಣ ಅಂತ ಮಾರಿದ. ಅದರಲ್ಲಿ ಒಂದು ಮರಿ ಮನೆಯ ಗೇಟು ತೆರೆದಿದ್ದಾಗ ರಸ್ತೆಗೆ ಇಳಿಯಿತಂತೆ. ಲಾರಿಯವನು ಹಾರನ್ ಹೊಡೆದನಂತೆ. ಹೊಡೆದು ಏನು ಪ್ರಯೋಜನ?

ಮೂರನೆಯದಕ್ಕೆ ಒಂದು ಕಣ್ಣು ಚಿಕ್ಕದು, ವಿಡಿಯೋದಲ್ಲಿ ಮುಚ್ಚಿಡಲು ಆಗಲಿಲ್ಲ. ಉಳಿದುಕೊಂಡಿತು. ಹಾಲಿನ ಬಣ್ಣ ಅಂತ ಸೆಲ್ವಿ ಪಾಲು ಅಂತ ಕರೆದಳು. ಅವಳ ತಮಿಳಿನಲ್ಲಿ ಅದು ಹಾಲು.

ಅದಕ್ಕೆ ಸಾಕು ಅನ್ನುವುದು ಹೇಗೆ? ಕೇಳಿಸದಿದ್ದರೂ ಅದು ಕೋಲಿಯೇ. ಕೋಳಿ ಕಂಡರೆ ತಿರುಗುತ್ತಿತ್ತು, ಪೊರಕೆ ಆಡಿದರೆ ತಿರುಗುತ್ತಿತ್ತು. ಎದುರಿಗೆ ಹೋಗಿ ಅಂಗೈ ಅಗಲಿಸಿ ನೆಲಕ್ಕೆ ಇಡುತ್ತಿದ್ದೆ, ಆಮೇಲೆ ಅದೇ ಕೈ ಎದೆಗೆ. ಕೈ ನೆಲಕ್ಕೆ ಅಂದರೆ ಸಾಕು. ಹಿಂದಿನಿಂದ ಯಾರೂ ಮುಟ್ಟಬಾರದು, ಹೆದರಿ ಕಚ್ಚುತ್ತದೆ. ಕರೆಯಬೇಕಾದರೆ ನೆಲ ತುಳಿಯಬೇಕು, ಅದುರಿದ್ದು ಅದಕ್ಕೆ ಗೊತ್ತಾಗುತ್ತದೆ. ನಿಧಾನವಾಗಿ ಕಲಿತಿತು. ಬೆಸ್‌ಗಿಂತ ಚೆನ್ನಾಗಿಯೇ ಕಲಿತಿತು.

ಮತ್ತೆ ಆ ಬೂದಿ ಹೆಣ್ಣು ಬೆದೆಗೆ ಬಂತು. ಮುದಲಾಳಿ ಅದೇ ಬೂದಿ ಗಂಡನ್ನು ಹೊರಗೆ ತರಿಸಿದ. ಕೂಡಿಸುವಾಗ ಹೆಣ್ಣಿನ ತಲೆಯನ್ನು ಒಬ್ಬರು ಹಿಡಿಯಬೇಕು. ಅದು ಯಾವಾಗಲೂ ನನ್ನ ಕೆಲಸ.

"ಪಿಡಿ" ಅಂದ. ಹಿಡಿ ಅಂತ.

"ಹಿಡಿಯಲ್ಲ."

"ಏನಂದೆ?"

"ಡಾಕ್ಟರಮ್ಮ ಬೇಡ ಅಂದಿದ್ದು ನಾನೂ ಕೇಳಿಸಿಕೊಂಡೆ. ನಾನೇನು ಕಿವುಡಿನಾ?"

"ನಾಯಿ ಯಾರದು?"

"ನಾಯಿ ನಿಂದು. ಕೈ ನಂದು."

ಅವನು ಸಿಟ್ಟಾಗಲಿಲ್ಲ. ವಯಸ್ಸಾಯ್ತು ನಿನಗೆ, ಮನೆಗೆ ಹೋಗು ಅಂದ. ಗೇಟಿನ ಹತ್ತಿರ ಪಾಲು ಕಟ್ಟಿತ್ತು. ಅದನ್ನು ಕಾಲಲ್ಲಿ ತೋರಿಸಿ, ಈ ಕಿವುಡನ್ನೂ ಕರಕೊಂಡು ಹೋಗು ಅಂದ. ಹೀಗೆ ನಾನು ನಿವೃತ್ತಳಾದೆ. ಶಾಲು ಇಲ್ಲ, ಹಾರ ಇಲ್ಲ, ನಾಲ್ಕು ಮಾತು ಆಡಿದವರಿಲ್ಲ. ಆಟೋದಲ್ಲಿ ನಾಯಿ ಮಡಿಲಿಗೆ ಹಾಕಿಕೊಂಡು ಬಂದೆ. ಅದರ ಹೆಸರು ಸೆಲ್ವಿಯ ಭಾಷೆಯಲ್ಲಿ ಹಾಲು, ನನ್ನ ಭಾಷೆಯಲ್ಲಿ ನನಗೆ ಬಂದ ಪಾಲು.

ಆ ದಿನ ಹೆಣ್ಣಿನ ತಲೆ ಹಿಡಿದವಳು ಸೆಲ್ವಿ. ಅವಳನ್ನು ನಾನು ಬೈಯುವುದಿಲ್ಲ, ಅವಳ ಮನೆ ಅವಳ ಕೈಯನ್ನೇ ನೋಡಿಕೊಂಡಿತ್ತು. ಆ ಸಲವೂ ಬಿಳಿ ಮರಿ ಹುಟ್ಟಿದವು ಅಂತ ಅವಳೇ ಫೋನಿನಲ್ಲಿ ಹೇಳಿದಳು.

ಪಾಲು ಈಗ ತಿರುವೊಟ್ಟಿಯೂರಿನ ನಮ್ಮ ಓಣಿಯಲ್ಲಿ ನೀರಿನ ಲಾರಿ ಬಂದಾಗ ಕೊಡ ಹಿಡಿದು ನಿಂತ ಹೆಂಗಸರ ಸುತ್ತ ಸುತ್ತುತ್ತದೆ. ಸಾಲು ಬಿಟ್ಟು ಮುಂದೆ ನುಗ್ಗಿದವಳನ್ನು ಭುಜದಿಂದ ತಳ್ಳಿ ವಾಪಸ್ಸು ನಿಲ್ಲಿಸುತ್ತದೆ. "ಇನ್ಸ್‌ಪೆಕ್ಟರ್ ಅಮ್ಮ ಬಂದ್ಲು" ಅಂತ ಎಲ್ಲರೂ ನಗುತ್ತಾರೆ. ನಾನು ಕೈ ನೆಲಕ್ಕೆ ಇಟ್ಟರೆ ಡ್ಯೂಟಿ ಮುಗಿಸಿ ಬಂದು ಕೂರುತ್ತದೆ. ಎಷ್ಟು ಮುದ್ದು ಅಂತ ಫೋಟೋ ತೆಗೆದು, ಇಂಥದ್ದೇ ಬಿಳೀದು ಎಲ್ಲಿ ಸಿಗುತ್ತೆ ಅಂತ ನನ್ನನ್ನೇ ಕೇಳಿದವರೂ ಇದ್ದಾರೆ. ಅವರಿಗೆ ಏನು ಹೇಳಿದೆ ಅಂತ ಸಂಘದ ಸಂಚಿಕೆಯಲ್ಲಿ ಬರೆಯಲು ಆಗುವುದಿಲ್ಲ.

ಈಗ ಚಿತ್ರಾ ವಿಷಯ. ಅವಳ ಮೇಡಂ ನಾಯಿಗಳನ್ನು ಬೇಬಿ ಅಂತ ಕರೆಯುತ್ತಾರೆ, ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುತ್ತಾರೆ. ಮುದಲಾಳಿ ಮೇಲು, ಅವನು ನಾಯಿಯನ್ನು ನಾಯಿ ಅಂತಾದರೂ ಅನ್ನುತ್ತಿದ್ದ. ಸ್ಕೈಗೆ ಬೂದಿ ಗಂಡು ಅಂತ ಚಿತ್ರಾ ಬಂದು ಹೇಳಿದ ದಿನ ನಾನು ಊಟದ ತಟ್ಟೆ ಪಕ್ಕಕ್ಕೆ ಇಟ್ಟೆ.

"ನಾಳೆಯಿಂದ ಹೋಗ್ಬೇಡ" ಅಂದೆ.

"ಬಿಟ್ಟು ಬಂದ್ರೆ?"

"ಆ ಪಾಪ ನಿನ್ನ ಕೈಗೆ ಅಂಟಲ್ಲ."

ಅವಳು ಸಿಟ್ಟು ಬಂದಾಗ ಪೂರಾ ತಮಿಳಿಗೆ ಹೋಗುತ್ತಾಳೆ. "ನೀ ಮಟ್ಟುಂ ಓಡಿ ವಂದುಟ್ಟೆ" ಅಂದಳು. ನೀನು ಮಾತ್ರ ಓಡಿ ಬಂದೆ ಅಂತ. ಆಮೇಲೆ ಕನ್ನಡಕ್ಕೆ ಇಳಿದು, "ನೀನು ಬಂದೆ. ಆ ನಾಯಿ ಬಂತಾ? ಅದು ಅಲ್ಲೇ ಇತ್ತಲ್ಲ. ಸೆಲ್ವಿ ಅತ್ತೆ ಹಿಡಿದ್ರು, ಬಿಳಿ ಮರಿ ಹುಟ್ತು. ನಿನ್ನ ಕೈ ಕ್ಲೀನು, ಅಷ್ಟೇ."

ನನಗೆ ಬಂದ ಕೋಪಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಕೆಲಸಕ್ಕೆ ಹೋಗುತ್ತಲೇ ಇದ್ದಳು. ಮೇಡಂಗೆ ಒಂದು ಸಲ ಹೇಳಿ ನೋಡಿದಳಂತೆ. ಬಿಳಿ ಬಂದರೆ ಯಾರಾದರೂ ದತ್ತು ತಗೋತಾರೆ ಬಿಡು, ಉಳಿದವು ಬೂದಿ ಅಲ್ಲವಾ ಅಂದರಂತೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ.

ಸ್ಕೈ ಬೆದೆಗೆ ಬಂದ ವಾರ ಮೇಡಂ ಹೈದರಾಬಾದಿಗೆ ನಾಯಿ ಷೋಗೆ ಹೊರಟರು. ಸರಿಯಾದ ಹೊತ್ತು ನೋಡಿ ನೀನೇ ಕೂಡಿಸಿಬಿಡು ಅಂತ ಚಿತ್ರಾಗೆ ಹೇಳಿ ಹೋದರು. ಚಿತ್ರಾ ಹೊತ್ತು ನೋಡಿದಳು, ಸ್ಕೈ ತಲೆ ಹಿಡಿದಳು, ಕೂಡಿಸಿದಳು. ಆದರೆ ಒಳಗೆ ಬಿಟ್ಟದ್ದು ಬೂದಿ ಗಂಡನ್ನಲ್ಲ, ಟ್ಯಾಂಗೋ ಅನ್ನುವ ಕಪ್ಪು ಬಿಳುಪಿನ ಗಂಡನ್ನು. ನನಗೂ ಹೇಳಲಿಲ್ಲ. ಅವಳಾಗಿ ಬಾಯಿ ಬಿಡುವ ತನಕ ನಾನು ಅವಳನ್ನು ದಿನಾ ಬೈದೆ, ಅವಳು ಬೈಸಿಕೊಂಡಳು.

ಇದನ್ನು ಬರೆಯಲಾ ಅಂತ ಅವಳನ್ನೇ ಕೇಳಿದೆ. ಹೆಸರುಗಳನ್ನೆಲ್ಲ ಬದಲಾಯಿಸಿ ಬರಿ ಅಂದಳು. ಬದಲಾಯಿಸಿದ್ದೇನೆ. ಮೇಡಂಗೆ ಕನ್ನಡ ಬಾರದು. ಯಾರಾದರೂ ಗುರುತು ಹಿಡಿದು ಹೇಳಿದರೆ ಹೇಳಲಿ, ಮುಂದಿನ ಬೆದೆಗೆ ತಾನೇ ಎದುರಿಗೆ ನಿಂತು ಹೇಳುತ್ತೇನೆ, ಕೆಲಸ ಹೋದರೂ ಸರಿ ಅನ್ನುತ್ತಾಳೆ. ಇವಳು ನನಗಿಂತ ಮೊಂಡಿ. ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಬಿಟ್ಟು ಬನ್ನಿ ಅಂತ ಹೇಳಬೇಕು ಅಂತಿದ್ದೆ. ಈಗ ಹೇಳುವುದಿಲ್ಲ. ನಿಮಗೆ ತೋಚಿದ ಹಾಗೆ ಮಾಡಿ, ಆ ಎರಡು ಬಣ್ಣ ಮಾತ್ರ ಕೂಡಲು ಬಿಡಬೇಡಿ. ಕೊಳ್ಳುವವರಿಗೂ ಹೇಳುತ್ತೇನೆ. ವಿಡಿಯೋ ನೋಡಿ ನಾಯಿ ಕೊಳ್ಳಬೇಡಿ. ಹೋಗಿ, ಮರಿಯ ಬೆನ್ನ ಹಿಂದೆ ಒಂದು ತಟ್ಟೆ ಬಡಿಯಿರಿ. ನಿಮ್ಮ ಮನೆಯಲ್ಲಿ ಓಡಾಡಲು ಜಾಗ, ನಿಮ್ಮ ಮೈಯಲ್ಲಿ ಓಡಿಸಲು ಕಸುವು ಇಲ್ಲದಿದ್ದರೆ ಹೋಗಲೇಬೇಡಿ.

ಸ್ಕೈ ಮರಿ ಹಾಕಿತು. ಅರ್ಧ ಬೂದಿ, ಅರ್ಧ ಕಪ್ಪು. ಕಿವಿ ತೆರೆಯುವ ಸಮಯಕ್ಕೆ ಒಂದು ಮಧ್ಯಾಹ್ನ ಚಿತ್ರಾ ಫೋನು ಮಾಡಿದಳು. ಟ್ಯಾಂಗೋ ವಿಷಯ ಆಗ ಹೇಳಿದಳು.

"ಅಜ್ಜಿ, ತಟ್ಟೆ ಬೀಳಿಸ್ದೆ" ಅಂದಳು.

"ಏನಾಯ್ತು?"

"ಎಲ್ಲಾನೂ ಒಂದರ ಮೇಲೊಂದು ಬಿದ್ದು ಓಡಿದ್ವು. ಒಂದಂತೂ ನನ್ನ ಕಾಲ ಮೇಲೆ ಉಚ್ಚೆ ಹೊಯ್ತು."

"ಎಲ್ಲಾನೂ?"

"ಎಲ್ಲಾನೂ ಅಜ್ಜಿ. ಮೇಡಂ ಬಂದು ನೋಡಿ, ಈ ಸಲ ಬಿಳಿ ಬರಲೇ ಇಲ್ಲ, ನಮ್ಮ ಲಕ್ಕು ಅಂದ್ರು."

ಲಕ್ಕಂತೆ.

ಫೋನು ಇಟ್ಟು ಅಡುಗೆಮನೆಗೆ ಹೋದೆ. ಪಾಲು ಬಾಗಿಲ ಹತ್ತಿರ ಮಲಗಿತ್ತು. ಗೂಡಿನಿಂದ ದೊಡ್ಡ ಸ್ಟೀಲ್ ತಟ್ಟೆ ತೆಗೆದು, ಅದರ ತಲೆಯ ಹಿಂದೆ, ನೆಲ ಅದುರದ ಹಾಗೆ ಕೈಯಲ್ಲೇ ಹಿಡಿದು ಸೌಟಿನಿಂದ ಬಾರಿಸಿದೆ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಏನಾಯ್ತು ಅಂತ ಕೂಗಿದಳು. ಮಹಡಿಯ ಮೇಲಿನ ಕಾಗೆಗಳು ಎದ್ದು ಹೋದವು. ಪಾಲು ಮಲಗೇ ಇತ್ತು.